ಟಿವಿ ಶೆಫ್ ಆಗೋದು ಎಲ್ಲಿಂದ ಶುರು?

ಪ್ರಶ್ನೆ: ಮಗ ಸೆಕೆಂಡ್ ಪಿಯು ಕಾಮರ್ಸ್. ಸಂಜೀವ್ ಕಪೂರ್ ಅವರಂತೆ ಟಿವಿ ಶೆಫ್ ಆಗ್ತೀನಿ ಅಂತಾನೆ. ಅಡುಗೆಗೆ ಡಿಗ್ರಿ ಯಾಕ್ರಿ, ಸೀದಾ ಟಿವಿಗೇ ಹೋಗಬಾರದಾ?
– ಓದುಗರು, ಗಂಗಾವತಿ

ಉತ್ತರ: ಕಪೂರ್ ಅವರೇ ಸೀದಾ ಹೋದವರಲ್ಲ. ದೆಹಲಿಯ ಪೂಸಾದ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲಿ ಡಿಪ್ಲೊಮಾ ಮುಗಿಸಿದ್ದು 1984ರಲ್ಲಿ. ಜೀ ಟಿವಿಯಲ್ಲಿ ‘ಖಾನಾ ಖಜಾನಾ’ ಶುರುವಾಗಿದ್ದು 1993ರಲ್ಲಿ. ನಡುವೆ ಹಲವು ಹೋಟೆಲುಗಳಲ್ಲಿ ದುಡಿದು, ಮುಂಬೈನ ಸೆಂಟಾರ್ ಹೋಟೆಲಿನ ಎಕ್ಸಿಕ್ಯೂಟಿವ್ ಶೆಫ್ ಆಗಿದ್ದರು. ಸ್ವಂತ ಚಾನೆಲ್ ‘ಫುಡ್‌ಫುಡ್’ ಬಂದಿದ್ದು 2011ರಲ್ಲಿ, ಪದ್ಮಶ್ರೀ 2017ರಲ್ಲಿ. ಆ ಹೋಟೆಲಿನ ವರ್ಷಗಳು ದಂಡವಲ್ಲ. ಈರುಳ್ಳಿ ಹೆಚ್ಚುವ ಕೈ ತನ್ನಷ್ಟಕ್ಕೆ ಓಡುತ್ತಿದ್ದರೇನೇ ಕ್ಯಾಮೆರಾ ನೋಡಿ ಮಾತಾಡಲು ಆಗೋದು.

ಕಾಮರ್ಸ್ ಆದರೂ ಅಡ್ಡಿಯಿಲ್ಲ, ಪಿಯುನಲ್ಲಿ ಇಂಗ್ಲಿಷ್ ಒಂದು ವಿಷಯವಾಗಿರಬೇಕು. ಎನ್‌ಸಿಎಚ್‌ಎಂ ಜೆಇಇ ಪ್ರವೇಶ ಪರೀಕ್ಷೆ ಬರೆದರೆ ಬೆಂಗಳೂರಿನ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆ ಐಎಚ್‌ಎಂನಂಥ ಕಡೆ ಮೂರು ವರ್ಷದ ಬಿಎಸ್ಸಿ ಸಿಗುತ್ತದೆ. ಅದಕ್ಕೂ ಮೊದಲು ರಜೆಯಲ್ಲಿ ಒಂದು ತಿಂಗಳು ಊರಿನ ಖಾನಾವಳಿಯಲ್ಲೇ ನಿಲ್ಲಿಸಿ ನೋಡಿ. ದಿನಕ್ಕೆ ಹತ್ತು ತಾಸು ಒಲೆ ಮುಂದೆ ನಿಲ್ಲುವ ಕಾಲು ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಪ್ರಶ್ನೆ: ಟಿವಿಯಲ್ಲಿ ಬದನೆಕಾಯಿ ಎಣಗಾಯಿ ಹತ್ತೇ ನಿಮಿಷಕ್ಕೆ ಇಳಿಸ್ತಾರೆ. ನಮ್ಮಲ್ಲಿ ಮಸಾಲೆ ತಳ ಹತ್ತುತ್ತದೆ, ಕಾಯಿ ಮಾತ್ರ ಗಟ್ಟಿ.
– ಓದುಗರು, ಸಿಂಧನೂರು

ಉತ್ತರ: ಹತ್ತು ನಿಮಿಷಕ್ಕೆ ಯಾರ ಕೈಯಲ್ಲೂ ಆಗಲ್ಲ. ಅಂಥ ಶೂಟಿಂಗಿನಲ್ಲಿ ಒಂದೇ ಪಲ್ಯಕ್ಕೆ ಎರಡು ಮೂರು ಬಾಣಲೆ ತಯಾರಿರುತ್ತವೆ: ಒಂದರಲ್ಲಿ ಒಗ್ಗರಣೆ ಹಾಕುವುದು, ಇನ್ನೊಂದರಲ್ಲಿ ಅರ್ಧ ಬೆಂದದ್ದು, ಮತ್ತೊಂದರಲ್ಲಿ ಪೂರ್ತಿ ಬೆಂದದ್ದು. ‘ಮುಚ್ಚಿ ಬೇಯಿಸೋಣ’ ಅಂದ ಮೇಲೆ ಮುಚ್ಚಳ ತೆಗೆಯುವುದು ಬೇರೆ ಬಾಣಲೆಯದು.

ಮನೆಯಲ್ಲಿ ಕಾಲು ಕಿಲೋ ಎಳೆ ಗುಂಡು ಬದನೆ ತಗೊಳ್ಳಿ. ತೊಟ್ಟು ಬಿಟ್ಟು ನಾಲ್ಕು ಸೀಳು ಮಾಡಿ ಉಪ್ಪುನೀರಿಗೆ ಹಾಕಿದರೆ ಕಪ್ಪಾಗಲ್ಲ. ಹುರಿದ ಶೇಂಗಾ ಅರ್ಧ ಕಪ್, ಎಳ್ಳು ಮತ್ತು ಗುರೆಳ್ಳು ಎರಡೆರಡು ಚಮಚ, ಒಣಕೊಬ್ಬರಿ ಕಾಲು ಕಪ್. ಮಿಕ್ಸಿ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ಓಡಿಸಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ತಳ ಹತ್ತುವುದು ಅದೇ. ಖಾರದಪುಡಿ, ಉಪ್ಪು, ಬೆಲ್ಲ ಬೆರೆಸಿ ತುಂಬಿ. ಕಾಯಿ ಗಟ್ಟಿ ಉಳಿಯಲು ಬಹುಮಟ್ಟಿಗೆ ಹುಣಸೆಯೇ ಕಾರಣ. ಹುಳಿ ಬಿದ್ದ ತರಕಾರಿ ಬೇಗ ಮೆತ್ತಗಾಗಲ್ಲ. ಐದಾರು ಚಮಚ ಎಣ್ಣೆಯಲ್ಲಿ ಕಾಯಿ ಬಾಡಿಸಿ, ಒಂದು ಕಪ್ ಬಿಸಿನೀರು ಹಾಕಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಮುಚ್ಚಿಡಿ. ತೊಟ್ಟಿನ ಬುಡಕ್ಕೆ ಚಾಕು ಸಲೀಸಾಗಿ ಇಳಿದ ಮೇಲೆ ಹುಣಸೆರಸ, ಆಮೇಲೆ ಇನ್ನೈದು ನಿಮಿಷ. ಎಣ್ಣೆ ಅಂಚಿಗೆ ತೇಲಿ ಬಂದರೆ ಇಳಿಸಿ.

ಪ್ರಶ್ನೆ: ಮೊಬೈಲಿನಲ್ಲಿ ಅಡುಗೆ ವಿಡಿಯೊ ಮಾಡ್ತೀನಿ. ಜೋಳದ ರೊಟ್ಟಿ ದಿನಾ ಚಂದ ಬರುತ್ತೆ, ವಿಡಿಯೊ ಹೊತ್ತಿಗೇ ಒಡೀತದೆ!
– ಓದುಗರು, ಕೊಪ್ಪಳ

ಉತ್ತರ: ಮಾತಾಡುತ್ತಾ ಕೂತರೆ ಹಿಟ್ಟು ಆರುತ್ತದೆ. ಜೋಳಕ್ಕೆ ಗೋಧಿಯ ಜಿಗುಟಿಲ್ಲ, ಕುದಿಯುವ ಎಸರು ಬಿದ್ದಾಗ ಬರುವ ಅಂಟೇ ಗತಿ. ಎಲ್ಲ ಹಿಟ್ಟನ್ನೂ ಒಮ್ಮೆಗೇ ನಾದಬೇಡಿ. ಒಂದೊಂದೇ ರೊಟ್ಟಿಗಾಗುವಷ್ಟು ತಗೊಂಡು, ಕೈಗೆ ನೀರು ಹಚ್ಚಿ ನಾದಿ, ತಕ್ಷಣ ಬಡಿಯಿರಿ. ಬಡಿಯುವಾಗ ಸುಮ್ಮನಿರಿ, ಆ ಸದ್ದಿನಲ್ಲಿ ನಿಮ್ಮ ಮಾತು ಕೇಳಿಸಲ್ಲ. ಹೇಳೋದನ್ನು ಆಮೇಲೆ ರೆಕಾರ್ಡ್ ಮಾಡಿ ಸೇರಿಸಿ. ಮೊಬೈಲನ್ನು ಹಂಚಿನ ನೆತ್ತಿ ಮೇಲೆ ಕಟ್ಟಬೇಡಿ, ಹಬೆಗೆ ಲೆನ್ಸ್ ಮಂಜಾಗುತ್ತದೆ. ಪಕ್ಕದಿಂದ ಓರೆಯಾಗಿ ಇಡಿ.