ಯೇಸುವನ್ನು ಅರಸನೆಂದು ಮೊದಲು ಸಾರಿದ್ದು ಯಾವಾಗ?

ಪ್ರಶ್ನೆ: ಚರ್ಚ್‌ನಲ್ಲಿ ಯೇಸುವನ್ನು ‘ರಾಜಾಧಿರಾಜ’ ಎಂದು ಹಾಡುತ್ತೇವೆ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತರ ಕಡೆಗೆ ವಾಲಿದ ಮೇಲೆ ಈ ಮಾತು ಹುಟ್ಟಿತು ಎನ್ನುತ್ತಾರೆ ನನ್ನ ಗೆಳೆಯರು. ನಿಜವೇ?

ಉತ್ತರ: ಇಲ್ಲ. ಮೊದಲ ಪ್ರಸಂಗದಲ್ಲೇ ಅದು ಇದೆ. ಪಂಚಾಶತ್ತಮ ಹಬ್ಬದ ದಿನ ಯೆರೂಸಲೇಮಿನಲ್ಲಿ ಯೇಸುವಿನ ಶಿಷ್ಯ ಪೇತ್ರ ಆಡಿದ ಮಾತು ಓದಿ ನೋಡಿ. ‘ನನ್ನ ಬಲಗಡೆ ಕೂತಿರು’ ಎನ್ನುವ 110ನೇ ಕೀರ್ತನೆಯನ್ನು ಎತ್ತಿಕೊಂಡು, ಇಸ್ರಾಯೇಲಿನ ಹಿಂದಿನ ಅರಸ ದಾವೀದನ ಸಿಂಹಾಸನಕ್ಕೆ ಬರಬೇಕಾದವನು ನೀವು ಶಿಲುಬೆಗೆ ಹಾಕಿಸಿದ ಈ ಯೇಸುವೇ ಎನ್ನುತ್ತಾನೆ. ‘ಕ್ರಿಸ್ತ’ ಅಂದರೇ ಅಭಿಷೇಕವಾದವನು. ಹೆಸರಿನ ಹಾಗೆ ಕರೆದೂ ಕರೆದೂ, ಅದು ಅರಸನ ಬಿರುದು ಅನ್ನೋದನ್ನೇ ಮರೆತಿದ್ದೇವೆ, ಅಲ್ವಾ?

ಗ್ರೀಸಿನ ಥೆಸಲೊನೀಕ ಪಟ್ಟಣದಲ್ಲಿ ಈ ಮಾತಿಗೆ ಬೆಲೆ ತೆರಬೇಕಾಯಿತು. ಅಪೊಸ್ತಲ ಪೌಲ ಅಲ್ಲಿನ ಯೆಹೂದ್ಯರ ಸಭಾಮಂದಿರದಲ್ಲಿ ಮೂರು ಸಬ್ಬತ್ ದಿನ ವಾದಿಸಿದ. ಊರಲ್ಲಿ ಗಲಾಟೆ ಎದ್ದಿತು. ಪೌಲ ಕೈಗೆ ಸಿಗದಿದ್ದಾಗ, ಅವನಿಗೆ ಮನೆಯಲ್ಲಿ ಜಾಗ ಕೊಟ್ಟಿದ್ದ ಯಾಸೋನನನ್ನೇ ಅಧಿಕಾರಿಗಳ ಮುಂದೆ ಎಳೆದೊಯ್ದರು. ದೂರು ಏನು ಗೊತ್ತೇ? ‘ಇವರು ಯೇಸು ಎಂಬ ಬೇರೊಬ್ಬ ಅರಸನಿದ್ದಾನೆ ಅನ್ನುತ್ತಾರೆ.’ ಜಾಮೀನು ಕೊಟ್ಟ ಮೇಲೆಯೇ ಅವನನ್ನು ಬಿಟ್ಟದ್ದು. ಇದು ಕಾನ್‌ಸ್ಟಂಟೈನನಿಗಿಂತ ಸುಮಾರು 260 ವರ್ಷ ಹಿಂದಿನ ಮಾತು.

ಹಾಗಾದರೆ ಅವರು ದಂಗೆ ಏಳಲು ಹೊರಟಿದ್ದರೇ? ಇದಕ್ಕೆ ನನಗೆ ತುಂಬ ಇಷ್ಟವಾದ ಪ್ರಸಂಗವೊಂದಿದೆ. ಎರಡನೇ ಶತಮಾನದ ಕ್ರೈಸ್ತ ಲೇಖಕ ಹೆಗೆಸಿಪ್ಪಸ್ ಬರೆದಿದ್ದನ್ನು ಸಭೆಯ ಚರಿತ್ರೆ ಬರೆದ ಯೂಸೇಬಿಯಸ್ ಉಳಿಸಿಕೊಟ್ಟಿದ್ದಾನೆ. ಯೇಸುವಿನ ತಮ್ಮ ಯೂದನ ಇಬ್ಬರು ಮೊಮ್ಮಕ್ಕಳನ್ನು ಚಕ್ರವರ್ತಿ ಡೊಮಿಷಿಯನ್ ಕರೆಸಿದ. ದಾವೀದನ ವಂಶದವರಲ್ಲವೇ, ಅರಸುತನಕ್ಕೆ ಎದ್ದಾರು ಎಂಬ ಭಯ. ಆಸ್ತಿ ಎಷ್ಟು ಎಂದು ಕೇಳಿದ. ಇಬ್ಬರದೂ ಸೇರಿ 9,000 ದಿನಾರಿ (ರೋಮಿನ ಬೆಳ್ಳಿ ನಾಣ್ಯ) ಬೆಲೆಯ ಹೊಲ, ಅದನ್ನೇ ಗೇಯ್ದು ಉಣ್ಣುತ್ತೇವೆ, ಕಂದಾಯವನ್ನೂ ಕಟ್ಟುತ್ತೇವೆ ಅಂದರು. ಅಂಗೈ ಚಾಚಿದರು. ತುಂಬಾ ಜಡ್ಡುಗಟ್ಟಿತ್ತು. ಕ್ರಿಸ್ತನ ರಾಜ್ಯ ಈ ಲೋಕದ್ದಲ್ಲ, ಯುಗದ ಕೊನೆಯಲ್ಲಿ ಕಾಣಿಸಿಕೊಳ್ಳುತ್ತದೆ ಎಂದರು. ಅವನು ಸುಮ್ನೆ ಬಿಟ್ಟು ಕಳಿಸಿದ.

ಆದರೆ ಕಂದಾಯ ಕಟ್ಟುವುದು ಬೇರೆ, ಕೈಸರನನ್ನು, ಅಂದರೆ ರೋಮಿನ ಚಕ್ರವರ್ತಿಯನ್ನು, ದೇವರೆಂದು ಒಪ್ಪುವುದು ಬೇರೆ. ಎರಡನೇ ಶತಮಾನದ ನಡುವೆ ಸ್ಮುರ್ನದ (ಇಂದಿನ ಟರ್ಕಿಯ ಇಜ್ಮಿರ್) ಮುದುಕ ಬಿಷಪ್ ಪೊಲಿಕಾರ್ಪನಿಗೆ ಕ್ರಿಸ್ತನನ್ನು ಬೈದರೆ ಬಿಡುತ್ತೇವೆ ಎಂದರು. 86 ವರ್ಷ ಆತನ ಸೇವೆ ಮಾಡಿದ್ದೇನೆ, ನನ್ನ ಅರಸನನ್ನು ಹೇಗೆ ಬೈಯಲಿ ಎಂದು ಕೇಳಿದ. ಬೆಂಕಿಗೆ ಹಾಕಿದರು.

ಆ ಸಾವನ್ನು ತಿಳಿಸುವ ಸ್ಮುರ್ನದ ಕ್ರೈಸ್ತ ಸಭೆಯ ಪತ್ರದಲ್ಲಿ ದಿನಾಂಕ ಬರೆದಿರುವ ರೀತಿ ನೋಡಿ. ಯಾವ ತಿಂಗಳು, ಯಾವ ಪುರೋಹಿತ, ರೋಮಿನ ಪ್ರಾಂತಾಧಿಪತಿ ಯಾರು, ಎಲ್ಲವೂ ಇದೆ. ಚಕ್ರವರ್ತಿಯ ಹೆಸರಿಲ್ಲ. ಅರಸನಾಗಿ ಸದಾಕಾಲ ಆಳುತ್ತಿರುವವನು ಯೇಸು ಕ್ರಿಸ್ತ ಎಂದಿದೆ.