ಷಿಕಾಗೋಗೆ ಹೊರಟಿರುವ ಮಂಡ್ಯದ ಹುಡುಗಿಗೆ

ಸಾಫ್ಟ್‌ವೇರ್ ಕೆಲಸಕ್ಕೆ ಮಂಡ್ಯದಿಂದ ಷಿಕಾಗೋಗೆ ಬರುತ್ತಿದ್ದೀರಿ. "ಅಕ್ಕ, ಅಮ್ಮ ಏಕಾದಶಿ, ರಾಹುಕಾಲ ಎಲ್ಲ ನೋಡುತ್ತಾರೆ. ಅಲ್ಲಿ ಇದೆಲ್ಲ ನಡೆಯುತ್ತಾ? ದಿನವೆಲ್ಲ ಎಐ ಜೊತೆ ಕೆಲಸ ಮಾಡುವವಳಿಗೆ ಇದರಲ್ಲಿ ಅರ್ಥ ಇದೆಯಾ?" ಎಂದು ಕೇಳಿದ್ದೀರಿ. ನಾನು ಮೈಸೂರಿನವಳು, ಇಲ್ಲಿ ನೆಲೆಸಿ ತುಂಬಾ ವರ್ಷಗಳಾದವು. ನಡೆಯುತ್ತದೆ, ಅರ್ಥವೂ ಇದೆ.

ಮೊದಲು ಪಂಚಾಂಗ. ಹೊಸಬರು ಎಡವುವುದು ಇಲ್ಲೇ. ಊರಿನಿಂದ ತಂದ ಒಂಟಿಕೊಪ್ಪಲ್ ಪಂಚಾಂಗ ನೋಡಿ ಇಲ್ಲಿ ಉಪವಾಸ ಹಿಡಿಯುತ್ತಾರೆ. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಸಾಗಿದರೆ ಒಂದು ತಿಥಿ. ಅದು ಶುರುವಾಗುವ ಕ್ಷಣ ಲೋಕಕ್ಕೆಲ್ಲ ಒಂದೇ. ಆದರೆ ಇವತ್ತು ಯಾವ ತಿಥಿ ಎನ್ನುವುದು ಆಯಾ ಊರಿನ ಸೂರ್ಯೋದಯದ ಮೇಲೆ. ಹಾಗಾಗಿ ಅಮ್ಮನಿಗೆ ಗುರುವಾರ ಏಕಾದಶಿ ಇದ್ದರೆ ನಿಮಗೆ ಬುಧವಾರವೇ ಬರಬಹುದು. ರಾಹುಕಾಲ ಹಗಲಿನ ಎಂಟರಲ್ಲಿ ಒಂದು ಭಾಗ. ಮೈಸೂರಿನಲ್ಲಿ ಹೆಚ್ಚುಕಮ್ಮಿ ಒಂದೂವರೆ ಗಂಟೆ. ಇಲ್ಲಿ ಜೂನ್‌ನಲ್ಲಿ ಹಗಲು 15 ಗಂಟೆ ದಾಟುತ್ತದೆ, ರಾಹುಕಾಲವೂ ಎರಡು ಗಂಟೆಯ ಹತ್ತಿರ ಬರುತ್ತದೆ. ಡಿಸೆಂಬರ್‌ನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಪಂಚಾಂಗದ ಆ್ಯಪ್‌ನಲ್ಲಿ ಊರು ಬದಲಿಸಿ, ಅದೇ ಲೆಕ್ಕ ಹಾಕುತ್ತದೆ.

ಇಷ್ಟು ಗಣಿತವನ್ನು ನಮ್ಮ ಹಿರಿಯರು ಕೈಯಲ್ಲೇ ಹಾಕುತ್ತಿದ್ದರಲ್ಲ! ಲೆಕ್ಕ ಬಂದ ಕೂಡಲೇ ಭಕ್ತಿ ಓಡಿಹೋಗುತ್ತದೆ ಎಂದು ಅವರಿಗೆ ಅನ್ನಿಸಿರಲಿಲ್ಲ. ನಿಮಗೂ ಆ ಭಯ ಬೇಡ. ಏಕಾದಶಿ ಯಾವತ್ತು ಎಂದು ಯಂತ್ರ ಹೇಳಲಿ. ಹಸಿದುಕೊಂಡು ಮೀಟಿಂಗ್‌ನಲ್ಲಿ ಕೂರಬೇಕಾದವರು ಮಾತ್ರ ನೀವೇ. ವ್ರತ ಎಂದರೆ ನನ್ನ ಮಟ್ಟಿಗೆ ಆ ಭಾಗ. ಅದನ್ನು ಯಾವ ಯಂತ್ರಕ್ಕೂ ವಹಿಸಲು ಆಗುವುದಿಲ್ಲ.

ಲೈವ್ ದರ್ಶನದ ಬಗ್ಗೆಯೂ ನನ್ನ ಮಾತು ಇದೇ. ಮೇಲುಕೋಟೆಯ ವೈರಮುಡಿ ಉತ್ಸವ ಅಲ್ಲಿ ರಾತ್ರಿ, ಇಲ್ಲಿ ಆಫೀಸಿನ ಹೊತ್ತು. ಮಂಡ್ಯದ ಖಜಾನೆಯಿಂದ ಹೊರಟ ಕಿರೀಟ ಚೆಲುವನಾರಾಯಣನ ತಲೆಯ ಮೇಲೆ ಕೂರುವುದನ್ನು ನೂಕುನುಗ್ಗಲಿಗಿಂತ ಪರದೆಯಲ್ಲಿ ಚೆನ್ನಾಗಿಯೇ ನೋಡಬಹುದು. ಆದರೆ ಪಕ್ಕದಲ್ಲಿ ಇಮೇಲ್ ತೆರೆದುಕೊಂಡು ನೋಡಿದರೆ ಅದು ವಿಡಿಯೊ ಮಾತ್ರ. ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ, ಬೇರೆಲ್ಲ ಮುಚ್ಚಿ ಕೂತು ನೋಡಿ. ಆಗ ಕೈ ತಾನಾಗಿ ಮುಗಿಯುತ್ತದೆ.

ದೇವಸ್ಥಾನಕ್ಕೇನೂ ಕೊರತೆ ಇಲ್ಲ. ಲೆಮಾಂಟ್‌ನಲ್ಲಿದೆ, ಅರೋರಾದಲ್ಲಿದೆ. ಹಬ್ಬಗಳನ್ನು ಶನಿವಾರ, ಭಾನುವಾರಕ್ಕೆ ಹಾಕುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಮನೆಯಲ್ಲಿ ಕರ್ಪೂರ, ಊದುಬತ್ತಿ ಹಚ್ಚುವ ಮೊದಲು ಬಾಡಿಗೆ ಕರಾರು ಓದಿ. ಹೊಗೆಯ ಅಲಾರಂ ಕೂಗಿದರೆ ಇಡೀ ಕಟ್ಟಡವೇ ಕೆಳಗಿಳಿಯಬೇಕಾಗಬಹುದು.

ಹೊರಡುವ ಮುಂಚೆ ಒಂದು ಕೆಲಸ ಮಾಡಿ. ಅಮ್ಮನ ಜೊತೆ ಕೂತು, ನಿಮ್ಮ ಮನೆಯಲ್ಲಿ ಯಾವ ದೇವರಿಗೆ ಏನು ನೈವೇದ್ಯ, ಯಾವುದನ್ನು ಯಾಕೆ ಮಾಡುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಎಐಯನ್ನು ಕೇಳಿದರೆ ಎಲ್ಲರ ಮನೆಯ ಪದ್ಧತಿಯನ್ನೂ ಕಲಸಿ ಹೇಳುತ್ತದೆ. ನಿಮ್ಮ ಮನೆಯದು ಅಮ್ಮನಿಗೆ ಮಾತ್ರ ಗೊತ್ತು.