ಟಿವಿಯಲ್ಲಿ ಚಿತ್ರ ಮಬ್ಬಾದರೆ ಕ್ಯಾಮೆರಾಕ್ಕೆ ಬೈಯುವ ಮೊದಲು

ಪ್ರಶ್ನೆ: ನಾನು ಓಟಿ (ಆಪರೇಷನ್ ಥಿಯೇಟರ್) ಸ್ಟಾಫ್ ನರ್ಸ್. ನಮ್ಮಲ್ಲಿ ಲ್ಯಾಪ್ರೋಸ್ಕೋಪಿ (ಸಣ್ಣ ತೂತಿನಿಂದ ಹೊಟ್ಟೆಯೊಳಗೆ ಕೊಳವೆಯಂಥ ಸ್ಕೋಪ್ ಇಳಿಸಿ, ಟಿವಿ ನೋಡುತ್ತಾ ಮಾಡುವ ಆಪರೇಷನ್) ಮಾಡುವಾಗ ಟಿವಿಯಲ್ಲಿ ಚಿತ್ರ ಮಬ್ಬಾಗಿ ಬರುತ್ತಿದೆ, ಸ್ವಲ್ಪ ಹಳದಿ, ಮೇಲೆ ಕಾಳು ಕಾಳು. ಲೈಟ್ ಪೂರ್ತಿ ಏರಿಸಿದರೂ ಅಷ್ಟೇ. ಸರ್ವಿಸ್‌ನವರು ಬಂದು ಕ್ಯಾಮೆರಾ ಹಳೇದಾಗಿದೆ, ಹೊಸದು ತಗೊಳ್ಳಿ ಅಂತಾರೆ. ನಿಜಾನಾ?

ಉತ್ತರ: ನಿಜ ಇರಬಹುದು. ಆದರೆ ಆರ್ಡರ್ ಹಾಕುವ ಮೊದಲು ಸ್ಕೋಪ್‌ಗೆ ಬೆಳಕು ತರುವ ಕೇಬಲ್ ನೋಡಿ ಮೇಡಂ. ಇಂಥ ದೂರಿನಲ್ಲಿ ನಾನು ಕ್ಯಾಮೆರಾ ಮುಟ್ಟುವುದು ಕೊನೆಗೆ. ನೀವು ಹೇಳಿದ ಆ ಕಾಳು ಕಾಳು ಇದೆಯಲ್ಲ, ಅದು ಹೆಚ್ಚಾಗಿ ಬೆಳಕು ಸಾಲದೆ ಬರುವುದು. ಒಳಗೆ ಕತ್ತಲಾದಷ್ಟೂ ಕ್ಯಾಮೆರಾ ತಾನೇ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಏರಿಸಿಕೊಂಡು ಚಿತ್ರವನ್ನು ಬಲವಂತವಾಗಿ ಬೆಳಗಿಸುತ್ತದೆ, ಅದರ ಜೊತೆಗೆ ಕಾಳೂ ಏರುತ್ತದೆ. ಬೈಗುಳ ಮಾತ್ರ ಕ್ಯಾಮೆರಾಕ್ಕೆ.

ಬೆಳಕು ಹೋಗುವ ದಾರಿ ಬೇರೆ, ಚಿತ್ರ ಬರುವ ದಾರಿ ಬೇರೆ. ಲೈಟ್ ಸೋರ್ಸ್‌ನಿಂದ ಬೆಳಕು ಕೇಬಲ್‌ಗೆ ಬರುತ್ತದೆ, ಅಲ್ಲಿಂದ ಸ್ಕೋಪ್ ಪಕ್ಕದ ಲೈಟ್ ಪೋಸ್ಟ್‌ಗೆ, ಆಮೇಲೆ ಸ್ಕೋಪ್‌ನ ಅಂಚಿನಲ್ಲಿ ತುಂಬಿರುವ ಗಾಜಿನ ಎಳೆಗಳ ಮೂಲಕ ತುದಿಗೆ. ಚಿತ್ರ ವಾಪಸ್ ಬರುವುದು ನಡುವಿನ ಲೆನ್ಸ್‌ಗಳಿಂದ. ಇಂಗ್ಲೆಂಡಿನ ಹೆರಾಲ್ಡ್ ಹಾಪ್ಕಿನ್ಸ್ ರೂಪಿಸಿದ ಉದ್ದುದ್ದ ಗಾಜಿನ ಕಡ್ಡಿ ಲೆನ್ಸ್‌ಗಳು ಅವು. ನಿಮ್ಮ ಗಟ್ಟಿ ಸ್ಕೋಪ್‌ನಲ್ಲಿ ಫೈಬರ್, ಅಂದರೆ ಆ ಗಾಜಿನ ಎಳೆ, ಇರುವುದು ಬೆಳಕಿಗೆ ಮಾತ್ರ. ಹಾಗಾಗಿ ಎರಡೂ ದಾರಿಯನ್ನು ಬೇರೆ ಬೇರೆ ಪರೀಕ್ಷಿಸಬಹುದು, ಅದಕ್ಕೆ ಯಾವ ಮೀಟರೂ ಬೇಡ.

ಕೇಬಲನ್ನು ಎರಡೂ ಕಡೆ ಬಿಚ್ಚಿ. ಇದು ಮುಖ್ಯ. ಲೈಟ್ ಸೋರ್ಸ್‌ಗೆ ಸಿಕ್ಕಿಸಿದ ಕೇಬಲ್ ತುದಿಗೆ ಕಣ್ಣಿಡಬಾರದು, ಸುಮ್ನೆ ಒಂದು ಸಲ ನೋಡ್ತೀನಿ ಅಂತಲೂ ಬೇಡ. ಒಂದು ತುದಿಯನ್ನು ಟ್ಯೂಬ್‌ಲೈಟ್ ಕಡೆ ಹಿಡಿದು ಇನ್ನೊಂದು ತುದಿ ನೋಡಿ. ಬೆಳ್ಳಗಿನ ದುಂಡು ಕಾಣುತ್ತದೆ. ಅದರಲ್ಲಿ ಕಪ್ಪು ಚುಕ್ಕೆಗಳಿದ್ದರೆ ಅಷ್ಟು ಎಳೆ ಮುರಿದಿವೆ ಅಂತ ಅರ್ಥ. ಅಲ್ಲೊಂದು ಇಲ್ಲೊಂದು ಇದ್ದರೆ ಚಿಂತೆಯಿಲ್ಲ. ಕಾಲು ಭಾಗ ಕಪ್ಪಾಗಿದ್ದರೆ ಕೇಬಲ್ ಬದಲಿಸಿ, ಕ್ಯಾಮೆರಾ ಅಲ್ಲ.

ಎಳೆ ಸುಮ್ನೆ ಮುರಿಯುವುದಿಲ್ಲ. ಬಿಗಿಯಾಗಿ ಸುತ್ತಿ ಸಣ್ಣ ಟ್ರೇಗೆ ತುರುಕಿರುತ್ತಾರೆ, ಇಲ್ಲವೇ ಟ್ರಾಲಿ ಚಕ್ರ ಹತ್ತಿರುತ್ತದೆ. ಗೇಣಗಲದ ಸಡಿಲ ಸುರುಳಿ ಮಾಡಿ ಇಡಿ ಅಂತ ಸಿಎಸ್‌ಎಸ್‌ಡಿ (ಉಪಕರಣ ತೊಳೆದು ಸ್ಟೆರಿಲೈಸ್ ಮಾಡುವ ವಿಭಾಗ) ಹುಡುಗರಿಗೂ ಹೇಳಿ, ಕೇಬಲ್ ಜಾಸ್ತಿ ಹಾಳಾಗುವುದು ಅಲ್ಲೇ.

ಇದೇ ರೀತಿ ಸ್ಕೋಪ್‌ನ ತುದಿಯನ್ನು ಬೆಳಕಿಗೆ ಹಿಡಿದು ಲೈಟ್ ಪೋಸ್ಟ್ ನೋಡಿ. ಅಲ್ಲಿ ಕಂದು ಕಲೆ ಇದೆಯಾ? ಸರಿಯಾಗಿ ತೊಳೆಯದೆ ಉಳಿದ ರಕ್ತವೋ ಸೋಪಿನ ಅಂಶವೋ ಬೆಳಕಿನ ಕಾವಿಗೆ ಸೀದು ಹತ್ತಿಕೊಂಡಿರುತ್ತದೆ. ನಿಮ್ಮ ಹಳದಿಗೆ ಇದೂ ಒಂದು ಕಾರಣ. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಉಜ್ಜಿ, ಹೋದರೆ ಪುಣ್ಯ.

ಆಮೇಲೆ ಕ್ಯಾಮೆರಾ ತೆಗೆದು, ಲೈಟ್ ಹಾಕದೆ, ಸ್ಕೋಪ್‌ನ ಕಣ್ಣಿನ ಕಡೆಯಿಂದ ಕಿಟಕಿಯತ್ತ ನೋಡಿ. ಸೂರ್ಯನ ಕಡೆ ಮಾತ್ರ ಬೇಡ. ಚಿತ್ರ ಚೊಕ್ಕವಾಗಿದ್ದರೆ ಲೆನ್ಸ್ ಸರಿ ಇದೆ. ಒಂದು ಪಕ್ಕ ಅರ್ಧಚಂದ್ರದ ಹಾಗೆ ಕಪ್ಪಾಗಿದ್ದರೆ ಕೊಳವೆ ಬಗ್ಗಿದೆ ಅಥವಾ ಒಳಗಿನ ಕಡ್ಡಿ ಬಿರುಕು ಬಿಟ್ಟಿದೆ. ಹೊರಗೆ ಒರೆಸಿದರೂ ಒಳಗೆ ಮಂಜು ಹಾಗೇ ಇದ್ದರೆ ಸೀಲ್ ಹೋಗಿದೆ, ರಿಪೇರಿಗೆ ಕಳಿಸಬೇಕು. ಕೇಸ್ ಶುರುವಾದ ತಕ್ಷಣ ಬಂದು ಹೋಗುವ ಮಂಜು ಬೇರೆ. ತಣ್ಣಗಿನ ಸ್ಕೋಪ್ ಬೆಚ್ಚಗಿನ ಹೊಟ್ಟೆಗೆ ಹೋದರೆ ಅದು ಬರುವುದೇ.

ಇನ್ನು ಕ್ಸೆನಾನ್ ಲ್ಯಾಂಪ್ ಆಗಿದ್ದರೆ ಗಂಟೆ ಮೀಟರ್ ನೋಡಿ, ಸಾಮಾನ್ಯವಾಗಿ 500 ಗಂಟೆಗೆ ಬದಲಿಸಬೇಕು. ಉರಿಯುತ್ತಿದೆಯಲ್ಲ ಅಂತ ಎಳೆಯುವವರೇ ಜಾಸ್ತಿ. ಎಲ್‌ಇಡಿಯಾದರೆ ಈ ರಗಳೆಯಿಲ್ಲ. 10 ಮಿ.ಮೀ. ಸ್ಕೋಪ್‌ಗೆ ಸಣ್ಣ ಸ್ಕೋಪ್‌ನ ತೆಳು ಕೇಬಲ್ ಹಾಕಿದ್ದಾರಾ ಅಂತಲೂ ನೋಡಿ, ಹಾಕಿದ್ದರೆ ಬೆಳಕು ಅಲ್ಲೇ ಅರ್ಧ ಹೋಯಿತು. ಕೊನೆಗೆ ಅದೇ ಕೇಬಲ್, ಅದೇ ಲೈಟ್ ಇಟ್ಟುಕೊಂಡು ಗಾಯಕ್ಕೆ ಕಟ್ಟುವ ಬಿಳಿ ಗಾಜ್ ಬಟ್ಟೆಯ ಎದುರು ವೈಟ್ ಬ್ಯಾಲೆನ್ಸ್ ಮಾಡಿ, ಅಂದರೆ ಬಿಳಿ ಯಾವುದು ಅಂತ ಕ್ಯಾಮೆರಾಕ್ಕೆ ತೋರಿಸಿಕೊಡಿ. ಇಷ್ಟೆಲ್ಲ ಆದಮೇಲೂ ಹಳದಿ ಉಳಿದರೆ ಸರ್ವಿಸ್‌ನವರ ಮಾತು ಕೇಳೋಣ. ಆಗಲೂ ಬೇರೆ ಕ್ಯಾಮೆರಾ ಹೆಡ್ ತಂದು ಹಾಕಿ ತೋರಿಸಿ ಅನ್ನಿ.

ಪ್ರಶ್ನೆ: ಅಪ್ಪನಿಗೆ ಎಂಡೋಸ್ಕೋಪಿ ಮಾಡಿಸಬೇಕು ಅಂದಿದ್ದಾರೆ. ಹೊಟ್ಟೆಯೊಳಗೆ ಬಲ್ಬ್ ಬಿಟ್ಟರೆ ಸುಡಲ್ವಾ ಅಂತ ಅವರು ಹೆದರಿ ಕೂತಿದ್ದಾರೆ.

ಉತ್ತರ: ಮಾಮೂಲಿ ಎಂಡೋಸ್ಕೋಪಿಯಲ್ಲಿ ಬಲ್ಬ್ ಒಳಗೆ ಹೋಗುವುದಿಲ್ಲ, ಪಕ್ಕದ ಪೆಟ್ಟಿಗೆಯಲ್ಲೇ ಇರುತ್ತದೆ ಅಂತ ಅಪ್ಪನಿಗೆ ಹೇಳಿ. ಬೆಳಕು ಮಾತ್ರ ಗಾಜಿನ ಎಳೆಗಳಲ್ಲಿ ಹರಿದು ಹೋಗುತ್ತದೆ. ಕಾವು ಕೊಡುವ ಕೆಂಪಿನಾಚೆಯ ಕಿರಣಗಳನ್ನು ಪೆಟ್ಟಿಗೆಯೊಳಗಿನ ಫಿಲ್ಟರ್ ಬಹುಪಾಲು ತಡೆಯುತ್ತದೆ. ಸ್ಕೋಪ್ ಕೂಡ ಒಂದೇ ಕಡೆ ನಿಲ್ಲುವುದಿಲ್ಲ, ಆಡುತ್ತಲೇ ಇರುತ್ತದೆ. ಹಿಂದೆ ತುದಿಯಲ್ಲೇ ಪುಟ್ಟ ಬಲ್ಬ್ ಇರುತ್ತಿದ್ದ ಕಾಲದಲ್ಲಿ ಈ ಹೆದರಿಕೆಗೆ ಅರ್ಥವಿತ್ತು.

ಆದರೆ ಓಟಿಯವರು ಇದನ್ನು ಓದಿ ಆರಾಮಾಗಬೇಡಿ. ಈ ಬೆಳಕಿಗೆ ಕೋಲ್ಡ್ ಲೈಟ್ ಅನ್ನುವುದು ಹೆಸರಿಗಷ್ಟೇ. ಸ್ಕೋಪ್‌ನಿಂದ ಬಿಚ್ಚಿದ ಕೇಬಲನ್ನು ಲೈಟ್ ಆರಿಸದೆ ರೋಗಿಯ ಮೇಲಿನ ಬಟ್ಟೆಯ ಮೇಲೆ ಇಟ್ಟರೆ ಬಟ್ಟೆ ಸುಡುತ್ತದೆ, ಕೆಳಗಿನ ಚರ್ಮವೂ ಸುಡಬಹುದು. ಬಿಚ್ಚುವ ಮೊದಲು ಸ್ಟ್ಯಾಂಡ್‌ಬೈ ಒತ್ತಿ.

ಪ್ರಶ್ನೆ: ಬಯೋಮೆಡಿಕಲ್ ವಿದ್ಯಾರ್ಥಿ ನಾನು. ಎಂಡೋಸ್ಕೋಪ್‌ನಲ್ಲಿ ಚಿತ್ರ ಫೈಬರ್‌ನಲ್ಲಿ ಬರುತ್ತದೆ ಅಂತ ಪಾಠದಲ್ಲಿದೆ, ಆಸ್ಪತ್ರೆಯಲ್ಲಿ ಚಿಪ್ ಅಂದರು. ಯಾವುದು ಸರಿ ಸರ್?

ಉತ್ತರ: ಎರಡೂ ಸರಿ, ಕಾಲ ಬೇರೆ. ಬೆಳಕು ಸಾಗಿಸುವ ಕಟ್ಟಿನಲ್ಲಿ ಎಳೆಗಳು ಹೇಗೆ ಬೇಕಾದರೂ ಕಲಸಿಹೋಗಿರಲಿ, ನಡೆಯುತ್ತದೆ. ಚಿತ್ರ ಸಾಗಿಸಬೇಕಾದರೆ ಈ ತುದಿಯಲ್ಲಿ ಯಾವ ಎಳೆ ಎಲ್ಲಿದೆಯೋ ಆ ತುದಿಯಲ್ಲೂ ಅಲ್ಲೇ ಇರಬೇಕು. 1954ರಲ್ಲಿ ಇದೇ ಹಾಪ್ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಅಂಥ ಕಟ್ಟಿನ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಆದರೆ ಬರಿಯ ಎಳೆಗಳು ಒಂದಕ್ಕೊಂದು ತಾಗಿದ ಕಡೆ ಬೆಳಕು ಸೋರುತ್ತಿತ್ತು. ಎಳೆಗೆ ಕಡಿಮೆ ವಕ್ರೀಭವನ ಸೂಚ್ಯಂಕದ (ಅಂದರೆ ಬೆಳಕನ್ನು ಕಡಿಮೆ ಬಾಗಿಸುವ) ಹೊದಿಕೆ ಇದ್ದರೆ ಬೆಳಕು ಎಳೆಯ ಒಳಗೋಡೆಗೆ ಬಡಿದು ಬಡಿದು ಒಳಗೇ ಮುಂದೆ ಸಾಗುತ್ತದೆ. ಗಾಜಿಗೆ ಗಾಜನ್ನೇ ಹೊದಿಸಿ 1956ರ ಡಿಸೆಂಬರ್‌ನಲ್ಲಿ ಇದನ್ನು ಸಾಧಿಸಿದ್ದು ಮಿಷಿಗನ್ ವಿಶ್ವವಿದ್ಯಾಲಯದ ಲಾರೆನ್ಸ್ ಕರ್ಟಿಸ್. ಆಗ ಆತನೂ ನಿಮ್ಮ ಹಾಗೆ ವಿದ್ಯಾರ್ಥಿ. ಮರುವರ್ಷ ಡಾ. ಬೇಸಿಲ್ ಹಿರ್ಷೋವಿಟ್ಜ್ ಆ ಎಳೆಗಳಿಂದ ಮಾಡಿದ ಸ್ಕೋಪನ್ನು ಮೊದಲು ತಾವೇ ನುಂಗಿ ನೋಡಿದರು.

1983ರಲ್ಲಿ ವೆಲ್ಚ್ ಆಲಿನ್ ಕಂಪನಿ ತುದಿಯಲ್ಲೇ ಸಿಸಿಡಿ ಚಿಪ್ (ಬೆಳಕನ್ನು ವಿದ್ಯುತ್ತಾಗಿಸುವ ಪುಟ್ಟ ಚಿಪ್) ಇಟ್ಟ ಮೇಲೆ ಚಿತ್ರ ವಿದ್ಯುತ್ ಸಂಕೇತವಾಗಿ ತಂತಿಯಲ್ಲಿ ಬರತೊಡಗಿತು. ಅಲ್ಲಿಯವರೆಗೆ ಡಾಕ್ಟರು ಒಂಟಿ ಕಣ್ಣಲ್ಲಿ ಇಣುಕಿ ನೋಡುತ್ತಿದ್ದರು, ಈಗ ರೂಮಿನಲ್ಲಿದ್ದವರೆಲ್ಲ ಟಿವಿ ನೋಡುತ್ತಾರೆ. ಇಂಥ ಬಹುತೇಕ ಸ್ಕೋಪ್‌ಗಳಲ್ಲಿ ಬೆಳಕು ಮಾತ್ರ ಇಂದಿಗೂ ಗಾಜಿನ ಎಳೆಯಲ್ಲೇ ಹೋಗುತ್ತದೆ.

ನಿಮ್ಮ ಕಾಲೇಜಿನ ಆಸ್ಪತ್ರೆಯಲ್ಲಿ ಅರಿವಳಿಕೆ ವಿಭಾಗಕ್ಕೋ ಇಎನ್‌ಟಿಗೋ ಹೋಗಿ ಕೇಳಿ, ಹಳೆಯ ಫೈಬರ್ ಸ್ಕೋಪ್ ಒಂದಾದರೂ ಬೀರುವಿನಲ್ಲಿ ಇದ್ದೀತು. ಕಣ್ಣಿಡುವ ಐಪೀಸ್ ಇರುತ್ತದೆ. ಒಳಗೆ ನೋಡಿದರೆ ಚಿತ್ರದ ಮೇಲೆ ಸಣ್ಣ ಜಾಲರಿ ಕಾಣುತ್ತದೆ, ಅದು ಎಳೆಗಳ ಸಾಲು. ಅಲ್ಲಲ್ಲಿ ಕದಲದೆ ನಿಂತ ಕಪ್ಪು ಚುಕ್ಕೆಗಳಿದ್ದರೆ ಎಣಿಸಿ. ಒಂದೊಂದು ಚುಕ್ಕೆಯೂ ಮುರಿದ ಒಂದು ಎಳೆ.